ನಡುಕದ ಪಾಠ

ಇಸ್ವಿ ನಲವತ್ತೇಳು ನಲವತ್ತೆಂಟರ ಹೊತ್ತಿಗಿ ಬಸವಕಲ್ಯಾಣದ ಬಾವಿ ಕಟ್ಟಿ ಮ್ಯಾಲ ನಿಂತು, ಸೆರಗು ಸೊಂಟಕ್ಕ ಸಿಗಿಸಿ, ಓಣಿಗೆ ಓಣಿನೇ ಬೈತಿದ್ದ ನರ್ಸ್ ಕೇಶರಬಾಯಿನ್ನ ನೋಡಿದವ್ರು ಈ ಮಾತು ನಂಬೂದಿಲ್ಲ. ನಂಬದಿದ್ರ ಬಿಡ್ರಿ, ಯಾರ ಗಂಟೇನು ಹೋತು? ಆದ್ರ ಖರೇ ಅಂದ್ರ ಖರೇ. ಹದಿನೆಂಟು ತುಂಬೂ ತನಕ ಆ ಹುಡುಗಿ ಮನಿ ಹೊರಗ ಆಡಿದ ಮಾತು ಎಣಸಾಕ ಒಂದು ಕೈ ಬೆರಳು ಸಾಕಾಗಿ ಹೆಬ್ಬೆಟ್ಟು ಉಳೀತಿತ್ತು.

ಊರಿಗಿ ಆಗ ಬರೇ ಕಲ್ಯಾಣಿ ಅಂತಿದ್ರು. ಅಪ್ಪ ಅಂಬಾದಾಸ ಶಿಂಪಿಗ, ಕೋಟೆ ಹಾದ್ಯಾಗ ಹೊಲಿಗಿ ಅಂಗಡಿ ಇಟ್ಟಿದ್ದ. ಕೇಶರನ ಕೈ ಹೊಲಿಗಿಯೊಳಗ ಅಪ್ಪನ್ನ ಮೀರಿಸಿತ್ತು, ಬಾಯಿ ಮಾತ್ರ ಹೊಲದು ಬಿಟ್ಟಂಗ. ಬಳಿ ಮಾರೂ ಮುನ್ನಿ ಬೀ ಒಮ್ಮಿ ಹಸರು ಬಳಿ ಬದಲಿ, ಯಾವಾಕೋ ಮುದುಕಿಗಿ ಅಂತ ತಂದಿದ್ದ ದಪ್ಪ ಬಳಿ ಏರಿಸಿಬಿಟ್ಟಳು. "ಇವಲ್ಲ" ಅನ್ನಾಕ ಬಾಯಿ ಬರದ ಕೇಶರ ಅವು ಒಡಿಯೂ ತನಕ, ಅಂದ್ರ ಒಂದೂವರಿ ವರ್ಷ, ತೊಟ್ಟುಕೊಂಡ ಇದ್ದಳು. ಮುದುಕಿ ಬಳಿ ಗಟ್ಟಿ ನೋಡ್ರಿ.

ಕನ್ಯಾ ನೋಡಾಕ ಬಂದವ್ರು "ಹೆಸರೇನವ್ವ?" ಅಂದ್ರ ಅಕಿ ನೆಲ ನೋಡಾಕಿ. ನಿರ್ಣಾದಿಂದ ಬಂದವ್ರು ಸುಸಲಾ ತಿಂದು, ಚಹಾ ಕುಡದು, "ಹುಡುಗಿ ಮೂಕಿ ಅದಾಳ, ನಮಗ ಮುಚ್ಚಿಟ್ರಿ" ಅಂತ ಜಗಳಾಡಿ ಹೋದ್ರು. ಕೊಹಿನೂರದವ್ರು ಪಾಪ ಒಳ್ಳೆ ಮಂದಿ, ಮೂಕರಿಗಿ ಮಾತು ಬರಸೂ ತಾಯತ ಕಟ್ಟಿ ಹೋದ್ರು. ಕಡೀಕ ಮಂಠಾಳದ ವೈಜಿನಾಥ ಬಂದ. ಇಬ್ಬರು ಹೆಂಡ್ರನ್ನ ಮಣ್ಣ ಮಾಡಿದಾಂವ, ತಲಿ ಅರ್ಧ ಬೋಳು.

"ಹುಡುಗಿ ಮಾತಾಡೂದಿಲ್ಲಂತ, ಖರೇ ಏನ್ರಿ?" ಅಂತ ಕೇಳಿದ.

ಅಂಬಾದಾಸ ತಲಿ ತಗ್ಗಿಸಿ ಹೌದಂದ.

"ಅದ ಬೇಕಾಗಿತ್ತ್ರಿ ನನಗ!" ಅಂತ ವೈಜಿನಾಥ ಕುಂತಲ್ಲೇ ಕುಣದ. "ಮೊದಲಿನ ಇಬ್ಬರೂ ಮಾತಾಡಿ ಮಾತಾಡಿ ಕಿವಿ ತೂತು ಮಾಡಿ ಹೋಗ್ಯಾರ."

ಬಾಗಲ ಹಿಂದ ನಿಂತಿದ್ದ ಕೇಶರ ಸಂದಿಲೆ ಹಣಿಕಿ ಹಾಕಿ ನೋಡಿದ್ಳು. ಆ ಬೋಳು ತಲಿ ಅಕಿಗಿ ಬ್ಯಾಡಾಗಿತ್ತು. ಆದ್ರ ಬ್ಯಾಡ ಅನ್ನಾಕೂ ಬಾಯಿ ಬೇಕಲ್ಲ, ಹಣೆಬಾರ!

ದೇವರು ದೊಡ್ಡಾಂವ. ಅದ ತಿಂಗಳದಾಗ ಹುಮ್ನಾಬಾದಿನ ಒಂದು ಸಣ್ಣ ಜನಾನಾ, ಅಂದ್ರ ಹೆಂಗಸರ, ದವಾಖಾನಿ ದೊಡ್ಡ ನರ್ಸ್ ಸರ್ದಾರಬಿ, ಅಂಗಡಿಗಿ ಬಿಳಿ ಅಂಗಿ ಹೊಲಸಾಕ ಬಂದಳು. ಸರ್ದಾರಬಿ ಅಂದ್ರ ಆರು ಫೂಟ ಹೆಂಗಸು, ಸಿಟ್ಟು ಏಳು ಫೂಟ. ಹೊಲದ ಅಂಗಿ ತಿರುವಿ ನೋಡಿ, "ಈ ಟಾಕಾ ಯಾರು ಹಾಕಿದ್ರು?" ಅಂದ್ಳು. ಅಂಬಾದಾಸ ಮಗಳ ಕಡಿ ಕೈ ಮಾಡಿದ. "ಅರೆ ಖುದಾ! ಇಂಥ ಕೈ ಕಪಡಾ ಮ್ಯಾಲ ಯಾಕ ಖರಾಬ ಮಾಡ್ತೀರಿ? ನನಗ ಕೊಡ್ರಿ. ಒಂದ ವರ್ಷದಾಗ ನರ್ಸ್ ಮಾಡಿ ಪಾಸಾದ ಸನದು ಕೊಡಿಸ್ತೀನಿ."

ಅಂಬಾದಾಸ ಎರಡು ದಿನ ಹೌದು ಅಲ್ಲ ಅಂತ ತೂಗಾಡಿ ಕಡೀಕ ಒಪ್ಪಿದ. ಆದ್ರ ಕರಾರು ಇತ್ತು. ವರ್ಷದಾಗ ಸನದು ತಂದ್ರ ನರ್ಸ್, ಇಲ್ಲಂದ್ರ ಮಂಠಾಳ. ವೈಜಿನಾಥನೂ "ಕಾಯ್ತೀನ್ರಿ, ಮೂಕಿ ಏನ್ ದಿನಾ ಸಿಗ್ತಾಳೇನು?" ಅಂದ.

ಕೇಶರ ಖುಷೀಲೆ ಗಂಟು ಕಟ್ಟಿದ್ಳು. ಅಕಿ ಹಿಸಾಬು ಸರಳಿತ್ತು. ದವಾಖಾನ್ಯಾಗ ನರಳೂದು ಬೀಮಾರದವ್ರ ಕೆಲಸ, ಬೈಯೂದು ಡಾಕ್ಟರ ಕೆಲಸ. ನಡುವ ನರ್ಸಿಗಿ ಮಾತಿನ ಗರಜು ಏನದ? ಗಪ್‍ಚುಪ್ ಪಟ್ಟಿ ಕಟ್ಟಬೇಕು, ಜೀವನ ಕಳೀಬೇಕು. ಅಯ್ಯ ನನ್ನ ಕಂದಾ, ಹಂಗ ಇದ್ದಿದ್ರ ಈ ಕಥಿನ ಇರ್ತಿದ್ದಿಲ್ಲ.

ಹುಮ್ನಾಬಾದಿನ್ಯಾಗ ಆರು ಮಂದಿ ಹುಡುಗ್ಯಾರು ಕಲಿಯಾಕತ್ತಿದ್ರು. ಕೇಶರನ ಬಾಜೂ ಹಾಸಗಿ ಗೌಹರಂದು. ಗಪ್ಪ ಕೂಡ್ರು ಅಂದ್ರ, ಗಪ್ಪ ಕೂಡ್ರೂದು ಎಷ್ಟು ಛಲೋ ಅಂತ ಅರ್ಧಾ ತಾಸು ಮಾತಾಡೂ ಹುಡುಗಿ ಅದು. ಮೊದಲ ನಾಲ್ಕು ತಿಂಗಳು ಕೇಶರ ಎಲ್ಲಾರಕಿಂತ ಮುಂದ ಇದ್ದಳು. ಅಕಿ ಕಟ್ಟಿದ ಪಟ್ಟಿ ನೋಡಿ, ಗಾಯ ಮಾದ ಮ್ಯಾಲೂ ಮಂದಿ ಬಿಚ್ಚಾಕ ಒಲ್ಲೆ ಅಂತಿದ್ರು. ಐದನೇ ತಿಂಗಳಿಗಿ ಸರ್ದಾರಬಿ ಬಾಂಬು ಹಾಕಿದ್ಳು.

"ಇನ್ನ ಮುಂದ ಪ್ರತಿ ಗುರುವಾರ ಒಬ್ಬಾಕಿ ಎದ್ದು ನಿಂತು ಎಲ್ಲಾರ ಮುಂದ ಸಬಕ್, ಅಂದ್ರ ಪಾಠ, ಹೇಳಬೇಕು. ಹಳ್ಳಿ ಮಂದಿಗಿ ತಿಳಿಯೂ ಹಂಗ. ಗಾಯ ಕಟ್ಟೂದು ಕೈ, ರೋಗ ತಡೆಯೂದು ಬಾಯಿ. ಮೂರು ಸರ್ತಿ ಆಗಲಿಲ್ಲಂದ್ರ ಹಾಸಗಿ ಸುತ್ತಬೇಕು, ಸನದು ಗಿನದು ಇಲ್ಲ."

ಕೇಶರನ ಕಣ್ಣ ಮುಂದ ಬೋಳು ತಲಿ ಮಿಂಚಿತು.

ಮೊದಲನೇ ಸರ್ತಿ ಅಕಿ ಎದ್ದು ನಿಂತಳು. ಐದು ಹುಡುಗ್ಯಾರ ಹತ್ತು ಕಣ್ಣು, ಸರ್ದಾರಬಿಯವು ಎರಡು. ಹನ್ನೆರಡು ಕಣ್ಣು ಮೈಮ್ಯಾಲ ಇರಿವಿ ಹರದಂಗ ಹರದವು. "ಹೂಂ" ಅಂದ್ಳು. ಕುಂತಳು. ವಿಷಯ ತುರಿಕಜ್ಜಿ ಇತ್ತು; ತುರಿಕಜ್ಜಿ ಪಾಠ ಅಷ್ಟಕ್ಕ ಮುಗೀತು.

"ನಿನಗ ರೂಢಿ ಬೇಕು," ಅಂತ ಗೌಹರ ಉಪಾಯ ತೆಗದಳು. ಅಡಗಿ ಮನ್ಯಾಗಿನ ಐದು ಕೊಡ, ಒಂದು ಹಂಡೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಟವೆಲ್ ಹೊಚ್ಚಿ, ದೊಡ್ಡ ಹಂಡೇಕ್ಕ ಸರ್ದಾರಬಿ ಅಂತ ಹೆಸರಿಟ್ಟಳು. ಕೇಶರ ಹದಿನೈದು ದಿನ ಕೊಡಗಳಿಗಿ ಪಾಠ ಹೇಳಿದ್ಳು. ಏನ್ ಹೇಳಿದ್ಳು ಅಂತೀರಿ! ಕೈ ತಿರುವಿ, ನಡನಡುವ ನಕ್ಕು, "ತಿಳೀತಿಲ್ಲೊ?" ಅಂತ ಹಂಡೇಕ್ಕ ಕೇಳಿ. ಆದ್ರ ಗುರುವಾರ ಎದ್ದು ನಿಂತ್ರ, ಕೊಡಗಳು ಕಣ್ಣು ಪಿಳಿಪಿಳಿ ಮಾಡಾಕತ್ತಿದ್ವು. ಎರಡನೇ ಸರ್ತಿನೂ ಹೋತು. ಉಳಿದದ್ದು ಒಂದ.

ಮೂರನೇದಕ್ಕ ಬಂದ ವಿಷಯ ವಾಂತಿಭೇದಿ. ನೀರು ಕಾಸೂದು, ನೊಣ ಓಡಸೂದು, ಬಾವಿ ಸ್ವಚ್ಛ ಇಡೂದು. ಕೇಶರ ನಿದ್ದ್ಯಾಗ ಕೇಳಿದ್ರೂ ಹೇಳೂ ಹಂಗ ಬಾಯಿಪಾಠ ಮಾಡಿದ್ಳು. ಆದ್ರ ಗುರುವಾರ ಎದ್ದು ನಿಂತ ಕೂಡಲೆ ಅಂಗಾಲಿನಿಂದ ನಡುಕ ಹತ್ತಿತು. ಮೊಳಕಾಲಿಗಿ ಬಂತು, ಸೊಂಟಕ್ಕ ಬಂತು, ಹಲ್ಲಿಗಿ ಬಂತು. ತಲಿ ಅಲುಗಿ ಅಲುಗಿ ಗಂಟು ಬಿಚ್ಚಿ ಕೂದಲೆಲ್ಲ ಮುಖದ ಮ್ಯಾಲ ಬಿತ್ತು. ಯಾರ ಕಣ್ಣೂ ನೋಡಬಾರದು ಅಂತ ಕಣ್ಣು ಜಂತಿಗಿ ಏರಿಸಿದ್ಳು. ಬಾಯಿಂದ "ಹೂಂ... ಹೂಂ... ಹೂಂ..." ಅಂತ ಬರಾಕತ್ತಿತು.

ಕಿಡಕಿ ಆಚಿ ದವಾಖಾನಿ ಅಂಗಳ. ಬೀಮಾರದವ್ರ ಕೂಡ ಬಂದ ಮಂದಿ ಅಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಬಡೀತಿದ್ರು. ಕಸ ಹೊಡಿಯೋ ಜಿಜಾಬಾಯಿ ಕಿಡಕ್ಯಾಗ ಹಣಿಕಿ ಹಾಕಿದ್ಳು. ಬಿಚ್ಚಿದ ಕೂದಲು, ಮ್ಯಾಲೇರಿದ ಕಣ್ಣು, ಹೂಂಕಾರ. ನಲವತ್ತು ವರ್ಷ ಮರಗಮ್ಮನ ಗುಡಿಗಿ ನಡಕೊಂಡಾಕಿಗಿ ಯಾರರ ಹೇಳಬೇಕೇನು? ಕಸಬರಿಗಿ ಒಗದು ಚೀರಿದ್ಳು:

"ಅಯ್ಯಯ್ಯೋ, ಬರ್ರಿ ಬರ್ರಿ! ಹುಡುಗಿ ಮೈಮ್ಯಾಲ ತಾಯಿ ಬಂದಾಳ!"

ರೊಟ್ಟಿ ಹಂಚಿನ ಮ್ಯಾಲೇ ಉಳೀತು. ಇಡೀ ಅಂಗಳ ಒಳಗ ನುಗ್ಗಿ, ಸರ್ದಾರಬಿನ್ನ ಕುರ್ಚಿ ಸಮೇತ ಕೇಶರನ ಬೆನ್ನ ಹಿಂದಕ್ಕ ತಳ್ಳಿತು. ಜಿಜಾಬಾಯಿ ಅಡಗಿ ಮನಿಯಿಂದ ಅರಿಷಿಣದ ಡಬ್ಬಿನ ತಂದು ಕೇಶರನ ಹಣಿಗಿ ಮೆತ್ತಿದ್ಳು, ಕೈಯಾಗ ಬೇವಿನ ಟೊಂಗಿ ಹಿಡಿಸಿದ್ಳು. ಎಲ್ಲಾರೂ ನೆಲಕ್ಕ ಹಣಿ ಹಚ್ಚಿ ಬಿದ್ರು. ಅಂಜಿದ ಹುಡುಗ್ಯಾರೂ ಬಿದ್ರು. ಗೌಹರ ಯಾಕ ಬಿದ್ಳೋ ಅಲ್ಲಾಗ ಗೊತ್ತು, ಎಲ್ಲಾರೂ ಬಿದ್ರು ಅಂತ ಬಿದ್ಳು.

ಕೇಶರ ಮೆಲ್ಲಕ ಕೆಳಗ ನೋಡಿದ್ಳು. ಬರೇ ಬೆನ್ನು. ಎಲ್ಲಿ ನೋಡಿದ್ರೂ ಬೆನ್ನು, ಜುಟ್ಟು, ಅಂಗಾಲು. ಒಂದೂ ಕಣ್ಣಿಲ್ಲ! ಎದಿಯೊಳಗಿನ ಗಂಟು ಸಡಲಿತು, ಒಳಗ ತುಂಬಿಟ್ಟ ಪಾಠ ಕಟ್ಟಿ ಒಡದ ಕೆರಿ ಹಂಗ ಹೊರಗ ಬಂತು.

"ನೀರು ಕಾಸ್ರೀ! ಬಾವಿ ದಂಡಿಗಿ ಹೊಲಸು ಬಟ್ಟಿ ಒಗೀಬ್ಯಾಡ್ರೀ! ನೊಣ ಕುಂತದ್ದು ತಿನಬ್ಯಾಡ್ರೀ!"

"ಆಗಲಿ ತಾಯಿ!" ಅಂದ್ರು ಬೆನ್ನುಗಳು.

"ಎಷ್ಟೊತ್ತು ಕಾಸಬೇಕು, ನನ್ನವ್ವ?" ಅಂತ ಜಿಜಾಬಾಯಿ ನೆಲದಾಗ ಮುಖ ಇಟ್ಟ ಕೇಳಿದ್ಳು.

"ಕುದಿ ಬಂದ ಮ್ಯಾಲ ಇಪ್ಪತ್ತು ಮಿನಿಟ್!"

ತಾಯಿಗಿ ಮಿನಿಟ್ ಲೆಕ್ಕನೂ ಬರ್ತದಂತ ಮಂದಿಗಿ ಇನ್ನಷ್ಟು ಭಕ್ತಿ ಬಂತು. ಮೂಲ್ಯಾಗಿಂದ ಒಬ್ಬ ಮುದುಕ, "ತಾಯಿ, ನನ್ನ ಕೆಂಪು ಹುಂಜ ಯಾರು ಕದ್ದಾರವ್ವ?" ಅಂದ.

"ಅದು ನನ್ನ ಪಾಠದಾಗ ಇಲ್ಲಾ!" ಅಂತ ಕೇಶರ ಗುಡುಗಿದ್ಳು.

ಮಂದಿ ಹೋದ ಮ್ಯಾಲ ಸರ್ದಾರಬಿ ಎದ್ದಳು. ಮುಖ ಕೆಂಡ. "ಸಬಕ್ ಪೂರಾ ಸರಿ ಅದ. ಒಂದ ತಪ್ಪಿಲ್ಲ. ಆದ್ರ ಹೇಳಿದ್ದು ಯಾರು? ನೀ ಹೇಳಿದ್ರ ನೀ ಪಾಸ್. ತಾಯಿ ಹೇಳಿದ್ರ ಸನದು ಮರಗಮ್ಮನ ಹೆಸರಿಲೆ ಬರದು ಗುಡಿಗಿ ಕಳಿಸ್ತೀನಿ. ಹೇಳು, ಯಾರು?"

ಕೇಶರ ಹಣಿ ಮ್ಯಾಲಿನ ಅರಿಷಿಣ ಸೆರಗಿಲೆ ಒರಸಾಕತ್ತಿದ್ಳು.

"ಇನ್ನೊಂದು ಗುರುವಾರ ಕೊಡ್ತೀನಿ. ಇದೇ ಮಂದಿ, ಇದೇ ಸಬಕ್. ನಿನ್ನ ಹೆಸರು ಹೇಳಿ, ನಿನ್ನ ಬಾಯಿಲೆ. ಇಲ್ಲಂದ್ರ ನಿನ್ನ ಅಪ್ಪಗ ಕಾಗದ ಬರೀತೀನಿ."

ಆ ವಾರ ಕೇಶರಗ ಸುಖಕ್ಕ ಕಡಿಮಿ ಇರಲಿಲ್ಲ. ಮಂದಿ ತೆಂಗಿನಕಾಯಿ ತಂದ್ರು, ಸಕ್ಕರಿ ತಂದ್ರು, ಒಬ್ಬಾಕಿ ಕುಬಸದ ಖಣ ತಂದಳು. ತೆಂಗಿನಕಾಯಿ ಗೌಹರ ತಿಂದ್ಳು. "ಬರೂ ಗುರುವಾರನೂ ಹಿಂಗ ನಡುಗು," ಅಂತ ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡು ಹೇಳಿದ್ಳು, "ಮೊದಲ ಪಟಕ್ಕನ ಹೆಸರು ಹೇಳು, ಅವ್ರು ಬಗ್ಗಿದ ಮ್ಯಾಲ ಸಬಕ್ ಹೇಳು. ಸರ್ದಾರಬಿಗೂ ಸಮಾಧಾನ, ನಮಗೂ ಕಾಯಿ." ಕೇಶರಗ ಇದು ಪಸಂದ ಬಂತು. ಕಣ್ಣಿಲ್ಲದ ಮಂದಿ ಮುಂದ ಜೀವಮಾನ ಮಾತಾಡಬಹುದು ಅಂತ ಅಕಿಗಿ ಅನಿಸಿತು.

ಬುಧವಾರ ಮುಂಜಾನೆ ಟಾಂಗಾ ಹೊಡಿಯೂ ನರಸಿಂಗ ಓಡಕೋತ ಬಂದ. ಹಿಂದ ಹೆಂಡತಿ ಗಿರಿಜಾಬಾಯಿ, ಬಗಲಾಗ ನಾಲ್ಕು ವರ್ಷದ ಮಗಳು. ಕೂಸಿಗಿ ವಾಂತಿ, ಭೇದಿ, ಕಣ್ಣು ಗುಳಿ ಬಿದ್ದಿದ್ವು. ಕೇಶರ ಊಟ ಬಿಟ್ಟು ಆ ಕೂಸಿನ ಬಾಜೂ ಕುಂತಳು. ಉಪ್ಪು ಹಾಕಿದ ಗಂಜಿ ತಿಳಿ ಚಮಚ ಚಮಚ ಕುಡಿಸಿದ್ಳು, ಹೊಲಸಾದ ಬಟ್ಟಿ ಬದಲಿ ಮಾಡಿದ್ಳು, ಮತ್ತ ಕುಡಿಸಿದ್ಳು. ಸಂಜಿಗಿ ಕೂಸು ಕಣ್ಣು ತೆರದು "ಬೆಲ್ಲ" ಅಂತು. ಗಿರಿಜಾಬಾಯಿ ಅತ್ತು ಕೇಶರನ ಕಾಲಿಗಿ ಬಿದ್ಳು. ಹೋದ ಗುರುವಾರ ನೆಲಕ್ಕ ಬಿದ್ದ ಬೆನ್ನುಗಳೊಳಗ ಅಕಿದೂ ಒಂದಿತ್ತು.

ಕೇಶರ ಬಾಯಿ ಬಿಟ್ಟಳು. ಸಣ್ಣಗ, ಗೋಡಿ ನೋಡಕೋತ. "ನೀರು... ಕಾಸಿದ್ರೇನು?"

"ಕಾಸ್ದೆ ಇರ್ತೀವೇನ್ರಿ, ತಾಯಿ ಹೇಳಿದ ಮ್ಯಾಲ! ಮಂಗಳವಾರ ಮೈ ತೊಳಕೊಂಡು, ತಾಮ್ರದ ಕೊಡದಾಗ ಕಾಸಿದ್ವಿ. ಕುಂಕುಮ ಹಚ್ಚಿ, ದೀಪಾ ಇಟ್ಟು, ಮನಿ ನಾಲ್ಕು ಮೂಲಿಗಿ ಹೊಡದ್ವಿ. ಉಳಿದದ್ದು ತುಳಸಿಗಿ. ಒಂದ ಹನಿ ಹಾಳು ಮಾಡಿಲ್ರಿ."

"ಕೂಸು ಏನು ಕುಡೀತು?"

"ಬಾವಿ ನೀರು. ತಾಯಿ ನೀರು ಕುಡದ್ರ ಎಂಜಲಾಗ್ತದಲ್ರಿ!"

ಕೇಶರ ಎದ್ದಳು. ಅಂಗಳಕ್ಕ ಹೋಗಿ ಇನ್ನ ನಾಲ್ಕು ಮಂದಿನ ಕೇಳಿದ್ಳು. ಎಲ್ಲಾ ಮನ್ಯಾಗೂ ಇದ ಹಾಡು. ಹುಮ್ನಾಬಾದಿನ ಅರ್ಧಾ ಊರು ಮಂಗಳವಾರ ಇಪ್ಪತ್ತು ಮಿನಿಟ್ ನೀರು ಕಾಸಿ, ಪೂಜಿ ಮಾಡಿ, ಚೆಲ್ಲಿ, ಹಸಿ ನೀರು ಕುಡದಿತ್ತು. ಅವ್ರ ಮ್ಯಾಲ ಸಿಟ್ಟು ಬಂತೇನು? ಇಲ್ಲ. ತನ್ನ ಮ್ಯಾಲ ಬಂತು. ಗುಡ್ಯಾಗಿನ ತಾಯಿ ಹಿಂದ ತಾ ಅಡಗಿ ಕುಂತು ತೆಂಗಿನಕಾಯಿ ಇಸಗೊಂಡಿದ್ದಳು, ಅಲ್ಲಿ ಕೂಸು ಸಾಯಾಕ ಹತ್ತಿತ್ತು. ಛೀ, ನಿನ್ನ ನಾಚಿಕಿಗಿ ಬೆಂಕಿ ಹಚ್ಚಲಿ, ಅಂತ ತನಗ ತಾನ ಬೈದಳು.

ಗುರುವಾರ ಅಂಗಳದಾಗ ಜಾತ್ರಿಗಿಂತ ಹೆಚ್ಚು ಮಂದಿ. ಸಬಕ್ ಒಳಗ ಹಿಡಿಸಂಗಿಲ್ಲ ಅಂತ ಸರ್ದಾರಬಿ ಕುರ್ಚಿ ಹೊರಗ ಹಾಕಿಸಿ, ವಹಿ ಬಿಚ್ಚಿ ಕುಂತಿದ್ಳು. ಅಷ್ಟ ಅಲ್ಲ, ಬೇವಿನ ಗಿಡದ ಕೆಳಗ ವೈಜಿನಾಥ! ಇವತ್ತಿಗಿ ಹುಡುಗಿ ಪಾಸಾಗದ ಮನಿಗಿ ಬರ್ತಾಳ ಅಂತ ಸುದ್ದಿ ಹತ್ತಿ, ಕರಕೊಂಡು ಹೋಗಾಕ ಹೊಸಾ ಪಟಗಾ ಸುತ್ತಿಕೊಂಡು ಬಂದಿದ್ದ.

ಕೇಶರ ನಡುವ ಬಂದು ನಿಂತಳು. ನಡುಕ ತಪ್ಪಲಾರದ ಬಂತು. ಅಂಗಾಲು, ಮೊಳಕಾಲು, ಸೊಂಟ. ಮಂದಿ "ಬಂದಳ್ರೋ!" ಅಂತ ಧಡಧಡ ನೆಲಕ್ಕ ಬಿದ್ರು. ಮತ್ತ ಬೆನ್ನಿನ ಸಾಲು, ಮುಂದ ಒಂದೂ ಕಣ್ಣಿಲ್ಲ. ಎಷ್ಟು ಹಿತ ಆತು ಅಕಿಗಿ! ಜಿಜಾಬಾಯಿ ಅರಿಷಿಣದ ಡಬ್ಬಿ ಹಿಡಕೊಂಡು ಓಡಿ ಬಂದಳು. ಕೇಶರ ಅಕಿ ಮುಂಗೈ ಗಟ್ಟ್ಯಾಗಿ ಹಿಡದಳು.

"ಅರಿಷಿಣ ತೆಗಿ, ಜಿಜಾಬಾಯಿ. ತಾಯಿ ಬಂದಿಲ್ಲ. ಹೋದ ವಾರನೂ ಬಂದಿದ್ದಿಲ್ಲ. ನನಗ ಅಂಜಿಕಿ ಬಂದಿತ್ತು."

ಜಿಜಾಬಾಯಿ ಕೈ ಮುಗದು, "ಅಂಜಿಕವ್ವ ಯಾವ ಊರ ದೇವರು, ತಾಯಿ?" ಅಂದ್ಳು.

"ದೇವರಲ್ಲ! ಎಲ್ಲಾರೂ ಎದ್ದು ಕೂಡ್ರಿ. ನನ್ನ ನೋಡ್ರಿ." ಈ ಮಾತು ಆಡಿದ್ದು ತಾನೇ ಅಂತ ಕೇಶರಗ ನಂಬಿಕಿ ಬರಲಿಲ್ಲ. "ನಾ ಕೇಶರ. ಕಲ್ಯಾಣಿ ಅಂಬಾದಾಸ ಶಿಂಪಿಗನ ಮಗಳು."

ತಲಿ ಒಂದೊಂದಾಗಿ ಎದ್ದವು. ನೂರು ಕಣ್ಣು, ಇನ್ನೂರು ಕಣ್ಣು, ಎಲ್ಲಾ ಅಕಿ ಮ್ಯಾಲ. ಮೊದಲ ಗುಜುಗುಜು, ಆಮ್ಯಾಲ ಗದ್ದಲ. "ಬರೇ ಶಿಂಪಿಗರ ಹುಡುಗಿ ಏನು?" "ಇಕಿ ಮಾತು ಕೇಳಾಕ ಹೊಲದ ಕೆಲಸ ಬಿಟ್ಟು ಬಂದ್ವೇನು?" ಹುಂಜ ಕಳಕೊಂಡ ಮುದುಕ ಮುಂದ ಬಂದು, "ನನ್ನ ಕಾಯಿ ವಾಪಸ್ ಕೊಡು," ಅಂದ. ಗೌಹರ ಸರ್ದಾರಬಿ ಕುರ್ಚಿ ಹಿಂದ ಸರದಳು.

ಕೇಶರನ ಹಲ್ಲು ಕಟಕಟ ಅಂದ್ವು. ಆದ್ರೂ ಶುರು ಮಾಡಿದ್ಳು. ದನಿ ಒಮ್ಮಿ ಇಲಿ ಹಂಗ, ಒಮ್ಮಿ ಬಾಗಲ ಕಿರಗುಟ್ಟಿದಂಗ. ನೀರು ಮಂಗಳವಾರ ಅಲ್ಲ ದಿನಾ ಕಾಸ್ರಿ ಅಂದ್ಳು. ಚೆಲ್ಲಬ್ಯಾಡ್ರಿ ಕುಡೀರಿ ಅಂದ್ಳು. ಪೂಜಿ ಬೇಕಾದ್ರ ಬ್ಯಾರೆ ಕೊಡಾ ಇಡ್ರಿ, ತಾಯಿ ಏನೂ ಸಿಟ್ಟಾಗಂಗಿಲ್ಲ, ಅಕಿಗೂ ಮಕ್ಕಳು ಬದುಕಬೇಕು ಅಂದ್ಳು. ಇದು ಪಾಠದಾಗ ಇದ್ದಿದ್ದಿಲ್ಲ, ತಾನ ಬಾಯಿಗಿ ಬಂತು.

"ಅಯ್ಯಯ್ಯೋ!" ಅಂತ ಬೇವಿನ ಗಿಡದ ಕೆಳಗಿಂದ ವೈಜಿನಾಥ ಒದರಿದ. "ಇದು ಮಾತಾಡ್ತದ! ನೂರಾರು ಮಂದಿ ಮುಂದ ಮಾತಾಡ್ತದ! ನನಗ ಮೋಸಾ ಮಾಡ್ಯಾರ್ರೀ!" ಪಟಗಾ ಬಗಲಾಗ ಹಿಡಕೊಂಡು ಮಂಠಾಳದ ಹಾದಿ ಹಿಡದ, ಹಿಂದ ತಿರುಗಿ ಸುದ್ದಾ ನೋಡಲಿಲ್ಲ. ಅವನ ಬೆನ್ನಿಗಿ ಅರ್ಧಾ ಮಂದಿನೂ ಎದ್ದು ಹೋದ್ರು.

ಉಳಿದ ಅರ್ಧಾ ಮಂದಿ ಮುಂದ ಕೇಶರ ಪಾಠ ಮುಗಿಸಿದ್ಳು. ಯಾರೂ ಆಗಲಿ ತಾಯಿ ಅನ್ನಲಿಲ್ಲ, ಯಾರೂ ಕೈ ಮುಗೀಲಿಲ್ಲ. ಬರೇ ನೋಡಕೋತ ಕುಂತ್ರು. ಸರ್ದಾರಬಿನೂ ಪೆನ್ನು ಹಿಡದು ಇನ್ನೂ ಏನೂ ಬರದಿದ್ದಿಲ್ಲ. ಎಲ್ಲಾ ಕೆಟ್ಟು ಹೋತು, ಒಬ್ಬರಿಗೂ ಹತ್ತಲಿಲ್ಲ ಅಂತ ಕೇಶರಗ ಕಣ್ಣೀರು ಬಂದು ನಿಂತವು.

ಗಿರಿಜಾಬಾಯಿ ಎದ್ದಳು. ಮಗಳು ಹೆಗಲ ಮ್ಯಾಲ ಒರಗಿ ಮಲಗಿತ್ತು.

"ನನಗ ತಿಳೀಲಿಲ್ಲ, ಕೇಶರಬಾಯಿ," ಅಂದ್ಳು. "ನೀರು ಕಣ್ಣಿಗಿ ಸ್ವಚ್ಛ ಕಾಣ್ತದಲ್ಲ, ಮತ್ತ ಯಾಕ ಕಾಸಬೇಕು? ಕಾಸಿದ್ರ ಒಳಗ ಏನಾಗ್ತದ? ತಿಳಿಯೂ ಹಂಗ ಇನ್ನೊಮ್ಮಿ ಹೇಳು."

"ನನಗೂ ತಿಳೀಲಿಲ್ಲ," ಅಂದ ನರಸಿಂಗ.

"ಖರೇ ಅಂದ್ರ ನನಗೂ," ಅಂದ್ಳು ಜಿಜಾಬಾಯಿ.

ಹೋದ ವಾರ ಯಾರೂ ಯಾಕ ಅಂತ ಕೇಳಿದ್ದಿಲ್ಲ. ತಾಯಿಗಿ ಯಾರು ಯಾಕ ಅಂತ ಕೇಳ್ತಾರ? ಸರ್ದಾರಬಿ ತಲಿ ತಗ್ಗಿಸಿ ವಹಿಯೊಳಗ ಕೇಶರನ ಹೆಸರಿನ ಮುಂದ ಏನೋ ಬರದಳು. ಕೇಶರ ಸೆರಗಿಲೆ ಕಣ್ಣು ಒರಸಿಕೊಂಡು, ಮುಂದಿನ ಸಾಲಿನವ್ರ ಹತ್ತಿರ ಸರದು, ಇನ್ನೂ ನಡುಗೂ ಕೈಯಾಗ ಒಂದು ಗಿಂಡಿ ಬಾವಿ ನೀರು ಹಿಡಕೊಂಡು, ಮೊದಲಿನಿಂದ ಹೇಳಾಕ ಹತ್ತಿದ್ಳು.